ಮುಜಂಟಿ ತುಪ್ಪಕ್ಕೆ ಯಾವ ಪರೀಕ್ಷೆ? ತುಪ್ಪವೂ ಉಳಿಯಬೇಕು, ನೀರೂ ಕೆಡಬಾರದು

ಮುಜಂಟಿ, ಅಂದರೆ ಕೊಂಡಿಯಿಲ್ಲದ ಪುಟ್ಟ ಜೇನಿನ ತುಪ್ಪ ಮಾರಲು ಕೂತವರಿಗೆಲ್ಲ ಈ ಅನುಭವ ಒಮ್ಮೆಯಾದರೂ ಆಗಿರುತ್ತದೆ. ಗಿರಾಕಿ ಒಂದು ಲೋಟ ನೀರು ಕೇಳಿ ಪಡೆದು ಅದರೊಳಗೆ ಒಂದು ಹನಿ ತುಪ್ಪ ಬಿಡುತ್ತಾರೆ. ಹನಿ ತಳ ಮುಟ್ಟುವ ಮೊದಲೇ ಕರಗಲು ಶುರುವಾಗುತ್ತದೆ. "ನೋಡಿ, ಸಕ್ಕರೆ ಪಾಕ" ಎಂದು ಎದ್ದು ಹೋಗುತ್ತಾರೆ. ಬೆಂಕಿಕಡ್ಡಿಯನ್ನು ತುಪ್ಪದಲ್ಲಿ ಅದ್ದಿ ಗೀರುವವರೂ ಇದ್ದಾರೆ. ಕಡ್ಡಿ ಹೊತ್ತುವುದಿಲ್ಲ, ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಈ ಮನೆ ಪರೀಕ್ಷೆಗಳಿಗೆ ಖರ್ಚಿಲ್ಲ, ರಾಸಾಯನಿಕ ಬೇಡ, ಪರಿಸರಕ್ಕೆ ಹಾನಿಯಿಲ್ಲ. ಆದರೆ ಉತ್ತರವೇ ತಪ್ಪು. ತುಡುವೆ ಜೇನಿನ ತುಪ್ಪಕ್ಕೂ ಅವನ್ನು ನಂಬುವಂತಿಲ್ಲ, ಮುಜಂಟಿಗಂತೂ ತಲೆಕೆಳಗಾಗುತ್ತವೆ. ಮಿಸರಿ ಎನ್ನಿ, ನಸರಿ ಎನ್ನಿ, ಈ ಕೊಂಡಿಯಿಲ್ಲದ ಪುಟ್ಟ ಜೇನು ತುಪ್ಪವನ್ನು ಷಡ್ಭುಜದ ಕೋಣೆಗಳಲ್ಲಿ ಇಡುವುದಿಲ್ಲ. ಮೇಣಕ್ಕೆ ಮರದ ಅಂಟು ಬೆರೆಸಿ ಕಟ್ಟಿದ ಸಣ್ಣ ಕುಡಿಕೆಗಳಲ್ಲಿ ತುಂಬಿಡುತ್ತದೆ. ಅದರ ತುಪ್ಪದಲ್ಲಿ ನೀರಿನ ಅಂಶ ಹೆಚ್ಚು, ಹುಳಿಯೂ ಹೆಚ್ಚು. ಅಪ್ಪಟವಾಗಿದ್ದರೂ ತೆಳ್ಳಗಿರುವುದೇ ಅದರ ಗುಣ. ಲೋಟದ ನೀರಿನಲ್ಲಿ ಹನಿ ಗಟ್ಟಿಯಾಗಿ ಕೂತರೆ ನಾನು ಅನುಮಾನಪಡುತ್ತೇನೆ.

ಹಾಗಾದರೆ ಪ್ರಯೋಗಾಲಯಕ್ಕೆ ಕಳಿಸೋಣವೇ? ನಾನು ಕಳಿಸಿದ್ದೆ. ಅವರು ಕೇಳಿದ್ದು 300 ಗ್ರಾಂ. ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಸಿಗುವುದೇ ಕಾಲು ಕೆಜಿಯಿಂದ ಅರ್ಧ ಕೆಜಿ. ಒಂದಿಡೀ ಜೇನು ಕುಟುಂಬ ವರ್ಷವೆಲ್ಲ ದುಡಿದದ್ದನ್ನು ಪೊಟ್ಟಣ ಕಟ್ಟಿ ಕಳಿಸಿದಂತಾಯಿತು. ಹದಿನೈದು ದಿನಕ್ಕೆ ವರದಿ ಬಂತು: ತೇವಾಂಶ 27%, ಅನುತ್ತೀರ್ಣ. ಆಮ್ಲೀಯತೆ ಹೆಚ್ಚು, ಅನುತ್ತೀರ್ಣ. ಅಳತೆಯಲ್ಲಿ ತಪ್ಪಿರಲಿಲ್ಲ, ಅಳತೆಗೋಲು ಬೇರೆ ಜೇನಿನದಾಗಿತ್ತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿಯಾಗಲಿ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸಿನ ಮಿತಿಯಾಗಲಿ, ಜೇನುತುಪ್ಪದ ತೇವಾಂಶ 20% ಮೀರಬಾರದು ಎನ್ನುತ್ತದೆ. ತುಡುವೆ, ವಿದೇಶಿ ಮೆಲ್ಲಿಫೆರಾದಂಥ ಕೊಂಡಿಯಿರುವ ಜೇನು ಜಾತಿಗಳನ್ನು ಎದುರಿಗಿಟ್ಟುಕೊಂಡು ಬರೆದ ಸಂಖ್ಯೆ ಅದು. ಮಲೇಷ್ಯಾದವರು ಕೆಲುಲುಟ್ ಎಂದು ಕರೆಯುವ ತಮ್ಮ ಕೊಂಡಿಯಿಲ್ಲದ ಜೇನಿನ ತುಪ್ಪಕ್ಕೆ 2017ರಲ್ಲಿ ಬೇರೆಯೇ ಮಾನದಂಡ ಮಾಡಿಕೊಂಡರು. ಅದರಲ್ಲಿ ಹಸಿ ತುಪ್ಪದ ತೇವಾಂಶ 35%ರವರೆಗೂ ಸರಿ, ಹುಳಿಯ ಅಳತೆಯಾದ ಪಿಎಚ್ 2.5ರಿಂದ 3.8. ನನ್ನ ತುಪ್ಪ ಅಲ್ಲಿ ಹುಟ್ಟಿದ್ದರೆ ತೇವಾಂಶದಲ್ಲಿ ಪಾಸಾಗುತ್ತಿತ್ತು.

ಯಾವ ಪರೀಕ್ಷೆ ಪರಿಸರಕ್ಕೆ ಒಳ್ಳೆಯದು ಎಂದು ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ. ತಪ್ಪು ಪ್ರಶ್ನೆಗೆ ಮಾಡಿಸಿದ ಪರೀಕ್ಷೆಯಲ್ಲಿ ದ್ರಾವಕ, ಕರೆಂಟು, ತುಪ್ಪ ಮೂರೂ ದಂಡ.

ಹಸಿರು ಎಂದರೆ ಯಾವ ಲೆಕ್ಕದಲ್ಲಿ

ರಸಾಯನಶಾಸ್ತ್ರದವರಲ್ಲಿ ಇದಕ್ಕೊಂದು ಲೆಕ್ಕವಿದೆ. ಹಸಿರು ವಿಶ್ಲೇಷಣೆಯ 12 ಸೂತ್ರಗಳನ್ನು 2013ರಲ್ಲಿ ಪಟ್ಟಿ ಮಾಡಿದರು: ಮಾದರಿ ಕಡಿಮೆ ಇರಲಿ, ವಿಷದ ರಾಸಾಯನಿಕ ಬೇಡ, ಕಸ ಕಡಿಮೆಯಾಗಲಿ, ವಿದ್ಯುತ್ ಉಳಿಯಲಿ, ಪರೀಕ್ಷೆ ಮಾಡುವವರ ಮೈಗೆ ಅಪಾಯವಾಗದಿರಲಿ, ಹೀಗೆ. 2020ರಲ್ಲಿ ಬಂದ ಅಗ್ರೀ ಎಂಬ ಲೆಕ್ಕಾಚಾರ ಈ ಹನ್ನೆರಡನ್ನೂ ಗಡಿಯಾರದಂಥ ಚಿತ್ರದಲ್ಲಿ ಹಸಿರಿನಿಂದ ಕೆಂಪಿನವರೆಗೆ ಬಣ್ಣ ಹಚ್ಚಿ ತೋರಿಸುತ್ತದೆ. ನಡುವೆ ಸೊನ್ನೆಯಿಂದ ಒಂದರವರೆಗಿನ ಅಂಕ. ಅದಕ್ಕೂ ಹಳೆಯದು, 2012ರ ಇಕೋ-ಸ್ಕೇಲ್. ಅದರಲ್ಲಿ ನೂರರಿಂದ ಶುರುಮಾಡಿ ಪ್ರತಿ ಪಾಪಕ್ಕೂ ಅಂಕ ಕಳೆಯುತ್ತಾರೆ, 75ರ ಮೇಲೆ ಉಳಿದರೆ ಉತ್ತಮ.

ಒಳ್ಳೆಯ ಲೆಕ್ಕವೇ. ಮಾದರಿ ಎಷ್ಟು ಚಿಕ್ಕದು ಎಂಬುದಕ್ಕೂ ಅಗ್ರೀಯಲ್ಲಿ ಅಂಕವಿದೆ. ಆದರೆ ಆ ಮಾದರಿ ಒಂದು ಪೆಟ್ಟಿಗೆಯ ವರ್ಷದ ದುಡಿಮೆ ಎಂಬುದು ಗಡಿಯಾರಕ್ಕೆ ಗೊತ್ತಾಗುವುದಿಲ್ಲ. ಆ ಲೆಕ್ಕ ನಮ್ಮದು.

ನೀರಿನ ಅಂಶ: ರಿಫ್ರ್ಯಾಕ್ಟೋಮೀಟರ್ ಸಾಕು, ಓದಲು ಬರಬೇಕು

ಮುಜಂಟಿ ತುಪ್ಪದ ಮೊದಲ ಪ್ರಶ್ನೆ ಇದೇ. ನೀರು ಹೆಚ್ಚಿದ್ದಷ್ಟೂ ಬೇಗ ಹುಳಿಯುತ್ತದೆ, ಮುಚ್ಚಳ ಹಾರುತ್ತದೆ. ಇದನ್ನು ಅಳೆಯಲು ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸಿ ತೂಗುವ ಪದ್ಧತಿಯಿದೆ, ಕಾರ್ಲ್ ಫಿಶರ್ ಎಂಬ ಪದ್ಧತಿಯಿದೆ. ಎರಡನೆಯದು ಕರಾರುವಾಕ್ಕು, ಆದರೆ ಅದಕ್ಕೆ ಅಯೋಡಿನ್, ಮೆಥನಾಲ್ ಬೇಕು. ತುಪ್ಪದಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ನೋಡಿ ನೀರಿನ ಅಂಶ ಹೇಳುವ, ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರಿಗೆ ಬೇಕಾದ್ದು ಒಂದೆರಡು ಹನಿ. ಬ್ಯಾಟರಿ ಬೇಡ, ದ್ರಾವಕ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಹೋಲಿಕೆಯೇ ಬೇಡ ಎನ್ನುವಷ್ಟು ಮುಂದಿದೆ.

ತೊಡಕು ಎಲ್ಲಿ ಬರುತ್ತದೆ ಗೊತ್ತೇ? ಜೇನಿಗೆಂದೇ ಮಾರುವ ಮೂರು ಅಳತೆಪಟ್ಟಿಯ ಉಪಕರಣದಲ್ಲಿ ನೀರಿನ ಪಟ್ಟಿ ಸಾಮಾನ್ಯವಾಗಿ 12ರಿಂದ 27ರವರೆಗೆ ಮಾತ್ರ ಇರುತ್ತದೆ. ಗಾಜಿನ ಮೇಲೆ ಹನಿ ಹಾಕಿ, ಮುಚ್ಚಳ ಒತ್ತಿ, ಬೆಳಕಿನ ಕಡೆ ಕಣ್ಣಿಟ್ಟರೆ ನೀಲಿ-ಬಿಳಿ ಗೆರೆ ಆ ಪಟ್ಟಿಯನ್ನೇ ದಾಟಿ ಕೆಳಗೆ ಇಳಿದಿರುತ್ತದೆ. ಹಾಳಾಗಿದೆ ಎಂದು ನಾನು ಮೊದಲ ಉಪಕರಣವನ್ನು ವಾಪಸ್ ಕಳಿಸಲು ಹೊರಟಿದ್ದೆ. ಪಕ್ಕದ, ಕರಗಿದ ಸಕ್ಕರೆಯ ಅಂಶ ತೋರಿಸುವ ಬ್ರಿಕ್ಸ್ ಪಟ್ಟಿ ಓದಿ. ಅದು 58ರಿಂದ 90ರವರೆಗೆ ಇರುತ್ತದೆ, ನಮ್ಮ ತುಪ್ಪ ಅಲ್ಲಿ ಸಿಗುತ್ತದೆ. ನೂರರಿಂದ ಬ್ರಿಕ್ಸ್ ಕಳೆದು, ಇನ್ನೂ ಒಂದೂವರೆ ಕಳೆದರೆ ನೀರಿನ ಅಂಶ ಹೆಚ್ಚುಕಡಿಮೆ ಸಿಕ್ಕಿತು. ಬ್ರಿಕ್ಸ್ 71 ಬಂದರೆ ನೀರು ಸುಮಾರು 27.5%.

ಎರಡು ಎಚ್ಚರಿಕೆ. ಉಷ್ಣತೆಯನ್ನು ತಾನೇ ಸರಿಹೊಂದಿಸಿಕೊಳ್ಳುವ ಉಪಕರಣವನ್ನೇ ಕೊಳ್ಳಿ. ಪಟ್ಟಿಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದವು, ನಮ್ಮ ಏಪ್ರಿಲ್ ಮಧ್ಯಾಹ್ನ ಹಾಗಿರುವುದಿಲ್ಲ. ಮತ್ತೆ, ಕುಡಿಕೆಗಳನ್ನು ಹಿಂಡಿ ತೆಗೆದ ತುಪ್ಪದಲ್ಲಿ ಪರಾಗದ ಪುಡಿ ತೇಲುತ್ತಿದ್ದರೆ ಗೆರೆ ಮಸುಕಾಗುತ್ತದೆ. ಸಿರಿಂಜಿನಿಂದ ಕುಡಿಕೆಯೊಳಗಿನಿಂದಲೇ ಎಳೆದ ತುಪ್ಪದಲ್ಲಿ ಗೆರೆ ಕತ್ತರಿಸಿದಂತೆ ಕಾಣುತ್ತದೆ. ಗೆರೆಯ ಚೊಕ್ಕತನವೇ ಕೊಯ್ಲಿನ ಚೊಕ್ಕತನದ ಸಾಕ್ಷಿ.

ಹುಳಿ: ಪಿಎಚ್ ಒಂದೇ ನೋಡಿ ಸುಮ್ಮನಾಗಬೇಡಿ

ಪಿಎಚ್ ಕಾಗದ ಅಗ್ಗ, ಆದರೆ ಮುಜಂಟಿಗೆ ಒರಟು. ತುಪ್ಪದ ಕಂದು ಬಣ್ಣವೇ ಕಾಗದಕ್ಕೆ ಹತ್ತುತ್ತದೆ, 3.2 ಯಾವುದು 3.8 ಯಾವುದು ತಿಳಿಯುವುದಿಲ್ಲ. ಪೆನ್ನಿನಂಥ ಪಿಎಚ್ ಮೀಟರ್ ಇಟ್ಟುಕೊಳ್ಳುವುದು ಮೇಲು. ಅಳೆಯುವ ಮುನ್ನ ಪಿಎಚ್ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಸರಿಹೊಂದಿಸದೆ ಓದಿದ ಅಂಕಿಗೆ ಅರ್ಥವಿಲ್ಲ.

ಆದರೆ ಪಿಎಚ್ ಸ್ವಲ್ಪ ಮಬ್ಬಾದ ಕನ್ನಡಿ. ಹುಳಿಯಲು ಶುರುವಾದ ತುಪ್ಪದಲ್ಲೂ ಅದು ಹೆಚ್ಚು ಅಲುಗಾಡುವುದಿಲ್ಲ. ಮುಕ್ತ ಆಮ್ಲೀಯತೆ, ಅಂದರೆ ತುಪ್ಪದಲ್ಲಿರುವ ಆಮ್ಲದ ಪ್ರಮಾಣ, ಏರಿದ್ದನ್ನು ನೋಡಬೇಕು. ಪುಸ್ತಕದ ವಿಧಾನದಲ್ಲಿ 10 ಗ್ರಾಂ ತುಪ್ಪವನ್ನು 75 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, 0.1 ನಾರ್ಮಲ್ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 8.3ಕ್ಕೆ ತರುತ್ತಾರೆ. ನಾನು ಎಲ್ಲವನ್ನೂ ಐದನೇ ಒಂದಕ್ಕೆ ಇಳಿಸಿಕೊಂಡಿದ್ದೇನೆ: 2 ಗ್ರಾಂ ತುಪ್ಪ, 15 ಮಿ.ಲೀ. ನೀರು, ಬ್ಯುರೆಟ್ ಬದಲು 1 ಮಿ.ಲೀ.ನ ಔಷಧಿ ಸಿರಿಂಜ್. ಲೆಕ್ಕವೂ ಬಾಯಲ್ಲೇ ಬರುತ್ತದೆ. ಸಿರಿಂಜ್ ಪೂರ್ತಿ ಖಾಲಿಯಾದರೆ ಕೆಜಿಗೆ 50 ಮಿಲಿ ಈಕ್ವಿವಲೆಂಟ್. ಕೋಡೆಕ್ಸಿನ ಮಿತಿ ಅಷ್ಟೇ. ಮುಜಂಟಿ ತುಪ್ಪಕ್ಕೆ ಎರಡನೇ ಸಿರಿಂಜ್ ಬೇಕಾದರೆ ಗಾಬರಿ ಬೇಡ. ನನಗೆ ಮುಖ್ಯವಾದದ್ದು ಅದೇ ಬಾಟಲಿಯನ್ನು ತಿಂಗಳ ನಂತರ ಮತ್ತೆ ಅಳೆದಾಗ ಎಷ್ಟು ಏರಿತು ಎಂಬುದು.

ಬಣ್ಣ ಬದಲಿಸುವ ಫಿನಾಲ್ಫ್‌ಥಲೀನ್ ಇಲ್ಲಿ ಬೇಕಿಲ್ಲ. ಕಂದು ತುಪ್ಪದಲ್ಲಿ ಅದರ ಗುಲಾಬಿ ಸರಿಯಾಗಿ ಕಾಣುವುದೂ ಇಲ್ಲ, ಮೀಟರೇ 8.3 ತೋರಿಸುತ್ತದೆ. ಉಳಿಯುವುದು ತಟಸ್ಥವಾದ, ಸ್ವಲ್ಪ ಉಪ್ಪುಪ್ಪಾದ ಸಿಹಿ ನೀರು. ಮೋರಿಗೆ ಚೆಲ್ಲಲು ಹೆದರಬೇಕಿಲ್ಲ. ಕಾಸ್ಟಿಕ್ ಸೋಡಾ ಬಾಟಲಿಯನ್ನು ಮಾತ್ರ ಮಕ್ಕಳ ಕೈಗೆ ಸಿಗದಂತೆ ಇಡಿ. ಅಳತೆಗೆ ಕನ್ನಡಕ ಹಾಕಿಕೊಳ್ಳಿ.

ಹುಳಿಯುವಿಕೆಗೆ ಇದಕ್ಕಿಂತ ಅಗ್ಗದ ಇನ್ನೊಂದು ಪರೀಕ್ಷೆ: ಬಾಟಲಿಯಲ್ಲಿ ಅರ್ಧ ತುಪ್ಪ ತುಂಬಿ ಮುಚ್ಚಳ ಬಿಗಿದು ಮೂರು ದಿನ ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿಡಿ. ತೆರೆಯುವಾಗ ಉಸ್ಸೆಂದರೆ ಒಳಗೆ ಯೀಸ್ಟ್ ಕೆಲಸ ಮಾಡುತ್ತಿದೆ. ಗಾಜು ಒಡೆಯದಂತೆ ತೆಳು ಪ್ಲಾಸ್ಟಿಕ್ ಬಾಟಲಿ ಬಳಸಿ.

ಬೂದಿಯ ಬದಲು ವಿದ್ಯುತ್ ವಾಹಕತೆ

ಖನಿಜಾಂಶ ತಿಳಿಯಲು ತುಪ್ಪವನ್ನು ಸುಮಾರು 600 ಡಿಗ್ರಿ ಕುಲುಮೆಯಲ್ಲಿ ಗಂಟೆಗಟ್ಟಲೆ ಸುಟ್ಟು ಬೂದಿ ತೂಗುವುದು ಹಳೆಯ ದಾರಿ. ನೊರೆಯುಕ್ಕಿ ಮೂಸೆಯಿಂದ ಹೊರಗೆ ಬರದಿರಲೆಂದು ಒಂದೆರಡು ಹನಿ ಆಲಿವ್ ಎಣ್ಣೆಯನ್ನೂ ಹಾಕುತ್ತಾರೆ! ಅದರ ಬದಲು ತುಪ್ಪದ ದ್ರಾವಣದಲ್ಲಿ ವಾಹಕತೆಯ ಪೆನ್ನು ಅದ್ದಿದರೆ ಸಾಕು. 100 ಮಿ.ಲೀ. ದ್ರಾವಣದಲ್ಲಿ 20 ಗ್ರಾಂ ಒಣ ಅಂಶ ಇರಬೇಕು ಎಂಬುದು ನಿಯಮ. 28% ನೀರಿರುವ ತುಪ್ಪವಾದರೆ 5.6 ಗ್ರಾಂ ತೂಗಿ 20 ಮಿ.ಲೀ.ಗೆ ತನ್ನಿ. ಬಂದ ಅಂಕಿಯಿಂದ (ಸೆಂ.ಮೀ.ಗೆ ಮಿಲಿಸೀಮೆನ್ಸ್ ಲೆಕ್ಕದಲ್ಲಿ) 0.14 ಕಳೆದು 1.74ರಿಂದ ಭಾಗಿಸಿದರೆ ಬೂದಿಯ ಶೇಕಡಾ ಅಂದಾಜು. ಕುಲುಮೆಯ ಕರೆಂಟು ಉಳಿಯಿತು.

ಕಾಯಿಸಿದ್ದಾರೆಯೇ?

ತುಪ್ಪ ಕಾದರೆ ಅಥವಾ ಹಳತಾದರೆ ಅದರಲ್ಲಿ ಎಚ್‌ಎಂಎಫ್ ಎಂಬ ಸಂಯುಕ್ತ ಏರುತ್ತದೆ. ಮಲೇಷ್ಯಾದ ಮಿತಿ ಕೆಜಿಗೆ 30 ಮಿ.ಗ್ರಾಂ., ಉಷ್ಣವಲಯದ ಜೇನಿಗೆ ಕೋಡೆಕ್ಸ್ ಬಿಡುವುದು 80. ಇಲ್ಲಿ ಆಯ್ಕೆ ನಿಜಕ್ಕೂ ಮುಖ್ಯ, ಏಕೆಂದರೆ ವಿಧಾನ ವಿಧಾನಕ್ಕೆ ವಿಷದಲ್ಲಿ ಅಜಗಜಾಂತರ.

ಕಾಲೇಜು ಲ್ಯಾಬುಗಳಲ್ಲಿ ಈಗಲೂ ಮಾಡುವ ಫೀಹೆ ಪರೀಕ್ಷೆಗೆ ಈಥರ್, ರೆಸಾರ್ಸಿನಾಲ್, ಗಾಢ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಈಥರ್ ಕೋಣೆಯ ಗಾಳಿಗೇ ಹೋಗುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಷ್ಟಾಗಿ ಸಿಗುವ ಉತ್ತರ ಕೆಂಪಾಯಿತೋ ಇಲ್ಲವೋ ಎಂಬುದಷ್ಟೇ. ವಿಂಕ್ಲರ್ ವಿಧಾನ ಸಂಖ್ಯೆ ಕೊಡುತ್ತದೆ, ಆದರೆ ಅದಕ್ಕೆ ಬೇಕಾದ ಪ್ಯಾರಾ-ಟೊಲುಯಿಡೀನ್ ಕ್ಯಾನ್ಸರ್ ಶಂಕೆಯ ವಸ್ತು. ಇವೆರಡನ್ನೂ ಕೈಬಿಡಿ ಎನ್ನುವುದು ನನ್ನ ಸಲಹೆ.

ವೈಟ್ ವಿಧಾನ ನೀರಿನಲ್ಲೇ ನಡೆಯುತ್ತದೆ. 5 ಗ್ರಾಂ ತುಪ್ಪ, ತಿಳಿಗೊಳಿಸಲು ಅರ್ಧರ್ಧ ಮಿ.ಲೀ. ಎರಡು ಲವಣ ದ್ರಾವಣ, ಸ್ವಲ್ಪ ಸೋಡಿಯಂ ಬೈಸಲ್ಫೈಟ್. ಆಮೇಲೆ ನೇರಳಾತೀತ ಬೆಳಕಿನಲ್ಲಿ 284 ಮತ್ತು 336 ನ್ಯಾನೋಮೀಟರಿನ ಓದು. ಯುವಿ ಸ್ಪೆಕ್ಟ್ರೋಫೋಟೋಮೀಟರ್ ಇರುವ ಹತ್ತಿರದ ಪದವಿ ಕಾಲೇಜು ಇದನ್ನು ಮಾಡಬಲ್ಲದು. ಎಚ್‌ಪಿಎಲ್‌ಸಿ (ಬೆರೆತಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರ ಇನ್ನೂ ನಿಖರ, ಅದರಲ್ಲೂ ಹತ್ತರಲ್ಲಿ ಒಂಬತ್ತು ಪಾಲು ನೀರು, ಒಂದು ಪಾಲು ಮೆಥನಾಲ್ ಸಾಕಾಗುತ್ತದೆ. ಯಂತ್ರದ ಹೆಸರು ಕೇಳಿಯೇ ಅದು ಪರಿಸರಕ್ಕೆ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ, ಒಳಗೆ ಏನು ಹರಿಸುತ್ತಾರೆ ಎಂದು ಕೇಳಿ.

ಆದರೆ ಇದೇ ಋತುವಿನಲ್ಲಿ ನೀವೇ ತೆಗೆದ, ಬಿಸಿ ಮುಟ್ಟದ ತುಪ್ಪಕ್ಕೆ ಈ ಪರೀಕ್ಷೆ ಏಕೆ ಬೇಕು? ತೇವಾಂಶ ಇಳಿಸಲು ಕಾಯಿಸಿದ್ದರೆ, ಬೇರೆಯವರಿಂದ ಕೊಂಡಿದ್ದರೆ ಮಾಡಿಸಿ.

ಸಕ್ಕರೆಗಳು: ಇಲ್ಲೇ ಹೆಚ್ಚು ಅನ್ಯಾಯ

ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ರೂಢಿಯ ದ್ರಾವಕ 80 ಪಾಲು ಅಸಿಟೋನೈಟ್ರೈಲ್, 20 ಪಾಲು ನೀರು. ಅಸಿಟೋನೈಟ್ರೈಲ್ ವಿಷ, ಹೊತ್ತಿಕೊಳ್ಳುವಂಥದ್ದು, ಕಸವಾದ ಮೇಲೆ ಬೇರೆ ಡಬ್ಬಿಯಲ್ಲಿ ಕೂಡಿಟ್ಟು ಸುಡಿಸಬೇಕು. ಅದೂ ಇನ್ನೊಂದು ಕಾರ್ಖಾನೆಯ ಉಪ ಉತ್ಪನ್ನ. 2008-09ರಲ್ಲಿ ಆ ಕಾರ್ಖಾನೆಗಳು ಮಂದವಾದಾಗ ಜಗತ್ತಿನ ಲ್ಯಾಬುಗಳೆಲ್ಲ ಇದಕ್ಕಾಗಿ ಪರದಾಡಿದವು.

ಒಂದು ಅಂದಾಜು ಲೆಕ್ಕ ಹಾಕೋಣ. ನಿಮಿಷಕ್ಕೆ 1 ಮಿ.ಲೀ. ದ್ರಾವಕ ಹರಿಯುತ್ತದೆ. ಯಂತ್ರ ಹದಕ್ಕೆ ಬರಲು ಅರ್ಧ ಗಂಟೆ, ಹೋಲಿಕೆಗೆ ಐದು ಗೊತ್ತಿರುವ ದ್ರಾವಣಗಳು, ನಿಮ್ಮ ಮಾದರಿ ಎರಡು ಸಲ, ಒಂದೊಂದಕ್ಕೆ 25 ನಿಮಿಷ. ಒಬ್ಬರ ಒಂದು ಬಾಟಲಿಗಾಗಿ ಯಂತ್ರ ಹಚ್ಚಿದರೆ 205 ಮಿ.ಲೀ. ಹರಿದುಹೋಯಿತು. ಇಪ್ಪತ್ತು ಜನ ಒಟ್ಟಿಗೆ ಕಳಿಸಿದರೆ? ಆರಂಭದ ಖರ್ಚು ಹಂಚಿಹೋಗಿ ತಲಾ 58 ಮಿ.ಲೀ.ಗೆ ಇಳಿಯುತ್ತದೆ. ಹೊಸ ತಂತ್ರಜ್ಞಾನ ಏನೂ ಬೇಡ, ಊರಿನವರು ಒಂದೇ ದಿನ ಕಳಿಸಿದರಾಯಿತು.

ಅಸಿಟೋನೈಟ್ರೈಲ್ ಪೂರ್ತಿ ತಪ್ಪಿಸುವ ದಾರಿಯೂ ಇದೆ. ಕ್ಯಾಲ್ಸಿಯಂ ರೂಪದ ಅಯಾನು ವಿನಿಮಯ ಕೊಳವೆಯನ್ನು 80-85 ಡಿಗ್ರಿಗೆ ಬಿಸಿಯಿಟ್ಟು ಬರೀ ಶುದ್ಧ ನೀರನ್ನು ಹರಿಸಿದರೆ ಗ್ಲೂಕೋಸ್, ಫ್ರಕ್ಟೋಸ್ ಚೆನ್ನಾಗಿ ಬೇರಾಗುತ್ತವೆ. ಎರಡು ಸಕ್ಕರೆಗಳು ಕೂಡಿದ ಮಾಲ್ಟೋಸಿನಂಥವು ಮಾತ್ರ ಒಂದರ ಮೇಲೊಂದು ಬೀಳುತ್ತವೆ.

ಮುಜಂಟಿಯ ಗುಟ್ಟು ಇರುವುದೂ ಆ ಜಾಗದಲ್ಲೇ. 2020ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಕೊಂಡಿಯಿಲ್ಲದ ಜೇನಿನ ತುಪ್ಪಗಳಲ್ಲಿ ಟ್ರೆಹಲುಲೋಸ್ ಎಂಬ ಸಕ್ಕರೆ 100 ಗ್ರಾಂಗೆ 13ರಿಂದ 44 ಗ್ರಾಂವರೆಗೆ ಇರುವುದನ್ನು ತೋರಿಸಿದರು. ಅಲ್ಲಿಯವರೆಗೆ ಎಷ್ಟೋ ವರದಿಗಳಲ್ಲಿ ಅದನ್ನು ಮಾಲ್ಟೋಸ್ ಎಂದೇ ಬರೆದಿದ್ದರು. ಅವರು ಪರೀಕ್ಷಿಸಿದವುಗಳಲ್ಲಿ ಎರಡು ಜಾತಿ ಟೆಟ್ರಾಗೊನುಲಾ ಕುಲದವು. ನಮ್ಮ ಮುಜಂಟಿ, ಟೆಟ್ರಾಗೊನುಲಾ ಇರಿಡಿಪೆನ್ನಿಸ್, ಅದೇ ಕುಲದ್ದು. ಇದನ್ನು ಅರಿಯದ ವಿಶ್ಲೇಷಕರಿಗೆ ವರದಿಯಲ್ಲಿ ಮಾಲ್ಟೋಸ್ ಉಕ್ಕಿದರೆ ಮೊದಲು ಹೊಳೆಯುವುದು ಗ್ಲೂಕೋಸ್ ಸಿರಪ್ಪಿನ ಕಲಬೆರಕೆ. ಗ್ಲೂಕೋಸ್, ಫ್ರಕ್ಟೋಸ್ ಕೂಡಿ 60% ಇರಬೇಕೆಂಬ ಕೋಡೆಕ್ಸ್ ನಿಯಮವೂ ತಪ್ಪಿಹೋಗುತ್ತದೆ. ಹಾಗಾಗಿ ಟ್ರೆಹಲುಲೋಸನ್ನು ಗುರುತಿಸಬಲ್ಲ ಲ್ಯಾಬ್ ಅಲ್ಲದಿದ್ದರೆ, ಅವರ ದ್ರಾವಕ ಎಷ್ಟೇ ಹಸಿರಾಗಿರಲಿ, ಸಕ್ಕರೆ ಪರೀಕ್ಷೆಗೆ ಹಣ ಹಾಕಬೇಡಿ.

ಇನ್ನು ಕಾಲೇಜು ಲ್ಯಾಬಿನ ಫೆಹ್ಲಿಂಗ್ ದ್ರಾವಣ. ಅದು ಒಟ್ಟು ಅಪಕರ್ಷಕ ಸಕ್ಕರೆಯನ್ನಷ್ಟೇ ಹೇಳುತ್ತದೆ, ಕೊನೆಗೆ ತಾಮ್ರದ ಕೆಸರು ಉಳಿಯುತ್ತದೆ. ಸಿಂಕಿಗೆ ಸುರಿದರೆ ಕೆರೆಯ ಮೀನಿಗೆ ಕೇಡು.

ದೊಡ್ಡ ಯಂತ್ರಗಳು

ಎಫ್‌ಟಿಐಆರ್ ಯಂತ್ರದ ವಜ್ರದ ಹರಳಿನ ಮೇಲೆ ಒಂದು ಹನಿ ಇಟ್ಟರೆ ಒಂದೆರಡು ನಿಮಿಷದಲ್ಲಿ ಅವಕೆಂಪು ಬೆಳಕಿನ ಗೆರೆಚಿತ್ರ ಬರುತ್ತದೆ, ಒದ್ದೆ ಟಿಶ್ಯೂನಲ್ಲಿ ಒರೆಸಿದರೆ ಸ್ವಚ್ಛ. ಕಾಗದದ ಮೇಲೆ ಇದಕ್ಕಿಂತ ಹಸಿರು ಇನ್ನೊಂದಿಲ್ಲ. ಆದರೆ ಆ ಗೆರೆಗಳನ್ನು ತೇವಾಂಶ, ಸಕ್ಕರೆ, ಕಲಬೆರಕೆ ಎಂದು ಅನುವಾದಿಸುವುದು ಹಿಂದೆ ಕಲಿಸಿಟ್ಟ ಮಾದರಿಗಳು. ಕಲಿಸಿದ್ದು ತುಡುವೆ, ಮೆಲ್ಲಿಫೆರಾ ತುಪ್ಪದಿಂದಾದರೆ ಮುಜಂಟಿ ಎದುರಾದಾಗ ಯಂತ್ರ ತೊದಲುತ್ತದೆ. ಎನ್‌ಎಂಆರ್ (ಬಲವಾದ ಕಾಂತದಲ್ಲಿಟ್ಟು ಅಣುಗಳ ಗುರುತು ಹಿಡಿಯುವ ಯಂತ್ರ) ಕಥೆಯೂ ಹಾಗೆಯೇ. ಅದಕ್ಕೆ ವಿಷದ ದ್ರಾವಕ ಬೇಡ, ಆದರೆ ಕಾಂತವನ್ನು ತಂಪಾಗಿಡಲು ದ್ರವ ಹೀಲಿಯಂ ಬೇಕು. ರಫ್ತು ವ್ಯಾಪಾರದ ದೆಸೆಯಿಂದ 2020ರಿಂದ ನಮ್ಮಲ್ಲಿ ಇದರ ಹೆಸರು ಜೋರಾಗಿದೆ. ಕೈಯಲ್ಲಿ ಹತ್ತು ಬಾಟಲಿ ಇರುವವರಿಗೆ ಅದರ ಗೊಡವೆ ಬೇಡ.

ಕಬ್ಬಿನ ಸಕ್ಕರೆ ಬೆರೆಸಿದ್ದಾರೆಯೇ ಎಂಬ ಜಗಳ ಬಂದರೆ ಕಾರ್ಬನ್ ಐಸೋಟೋಪ್ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಕಬ್ಬು, ಮೆಕ್ಕೆಜೋಳದ ಇಂಗಾಲದ ಗುರುತು ಹೂಗಿಡಗಳದ್ದಕ್ಕಿಂತ ಬೇರೆ. ಅಕ್ಕಿ ಸಿರಪ್ಪು ಬೆರೆಸಿದ್ದರೆ ಮಾತ್ರ ಇದಕ್ಕೆ ಸಿಗುವುದಿಲ್ಲ.

ಫಿನಾಲಿಕ್ಸ್, ಆಂಟಿಆಕ್ಸಿಡೆಂಟ್ ಪರೀಕ್ಷೆಗಳ ಬಗ್ಗೆ ಒಂದೇ ಮಾತು: ಲೇಬಲ್ಲಿನ ಶೋಕಿಗೆ ಮಾಡಿಸಬೇಡಿ. ಸಂಶೋಧನೆಗೆ ಬೇಕಿದ್ದರೆ 96 ಗುಳಿಯ ತಟ್ಟೆಯಲ್ಲಿ ಮಾಡಿ, ಮಿಲಿಲೀಟರುಗಳ ಕೆಲಸ ಹನಿಗಳಲ್ಲಿ ಮುಗಿಯುತ್ತದೆ. ಯಾವ ಹೂವಿನ ತುಪ್ಪ ಎಂದು ತಿಳಿಯಲು ಪರಾಗ ನೋಡುವವರು ಗಂಧಕಾಮ್ಲದಲ್ಲಿ ಕುದಿಸದೆ ಬರೀ ನೀರಿನಲ್ಲಿ ಕರಗಿಸಿ, ತಿರುಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಲಿ. ಜಾತಿ ಮಟ್ಟದ ಸೂಕ್ಷ್ಮ ಸ್ವಲ್ಪ ತಪ್ಪಿದರೂ ತೆಂಗಿನ ಪರಾಗ ಇದೆಯೇ ಎಂಬಂಥ ಪ್ರಶ್ನೆಗೆ ಸಾಕು.

ಕೊನೆಗೆ ಯಾವುದು ಹಿಡಿಯಲಿ?

ಐದಾರು ಪೆಟ್ಟಿಗೆಯವರಿಗೆ ರಿಫ್ರ್ಯಾಕ್ಟೋಮೀಟರ್ ಮತ್ತು ಬಾಟಲಿಯ ಉಸ್ಸು, ಇಷ್ಟೇ ಸಾಕು. ಬ್ರಿಕ್ಸ್ ಅಂಕಿಯನ್ನು ಕೊಯ್ಲಿನ ತಾರೀಕಿನ ಜೊತೆ ಬಾಟಲಿಯ ಮೇಲೆ ಬರೆಯಿರಿ. ನಲವತ್ತು ಐವತ್ತು ಪೆಟ್ಟಿಗೆಯವರು, ಸ್ವಸಹಾಯ ಗುಂಪಿನವರು ಪಿಎಚ್ ಮೀಟರ್, ಸಿರಿಂಜ್, ವಾಹಕತೆಯ ಪೆನ್ನು ಸೇರಿಸಿಕೊಳ್ಳಲಿ. ಎಲ್ಲ ಪರೀಕ್ಷೆಗೂ ಕೂಡಿ ಹತ್ತು ಗ್ರಾಂ ತುಪ್ಪ ಮೀರದು. ಅಂಗಡಿಗೆ, ಹೊರ ರಾಜ್ಯಕ್ಕೆ ಕಳಿಸುವವರು ಮಾತ್ರ ವರ್ಷಕ್ಕೊಮ್ಮೆ ಒಟ್ಟಾಗಿ ಲ್ಯಾಬಿನ ಬಾಗಿಲು ತಟ್ಟಿದರಾಯಿತು. ಎಫ್‌ಎಸ್‌ಎಸ್‌ಎಐ ಲೇಬಲ್ ಹಾಕಿ ಮಾರುವವರಿಗೆ ಮಾನ್ಯತೆ ಪಡೆದ ಲ್ಯಾಬಿನ ವರದಿಯೇ ಬೇಕು, ಮನೆಯ ಅಂಕಿಗಳು ಅದಕ್ಕೆ ಬದಲಿಯಾಗವು.

ಲ್ಯಾಬಿಗೆ ಫೋನ್ ಮಾಡಿದಾಗ ನಾನೀಗ ನಾಲ್ಕು ಪ್ರಶ್ನೆ ಕೇಳುತ್ತೇನೆ. ಕೊಂಡಿಯಿಲ್ಲದ ಜೇನಿನ ತುಪ್ಪ ಎಂದು ವರದಿಯಲ್ಲಿ ನಮೂದಿಸುತ್ತೀರಾ? ಎಚ್‌ಎಂಎಫ್‌ಗೆ ಯಾವ ವಿಧಾನ? ನಿಮಗೆ ನಿಜವಾಗಿ ಎಷ್ಟು ಗ್ರಾಂ ಬೇಕು? 300 ಎಂದವರು ಒತ್ತಿ ಕೇಳಿದರೆ 60ಕ್ಕೆ ಇಳಿದದ್ದೂ ಇದೆ. ಉಳಿದ ತುಪ್ಪ ವಾಪಸ್ ಕೊಡುತ್ತೀರಾ? ಈ ಕೊನೆಯ ಪ್ರಶ್ನೆಗೆ ಇದುವರೆಗೆ ಒಬ್ಬರು ಮಾತ್ರ ಹೂಂ ಎಂದಿದ್ದಾರೆ. ನಮ್ಮ ಬಾಟಲಿಗಳು ಈಗ ಅವರಲ್ಲಿಗೇ ಹೋಗುತ್ತವೆ.